ಬಾಯಿಪಾಠ ಬಿಟ್ಟು ಬಿ.ಎ. ಅರ್ಥಶಾಸ್ತ್ರ ಓದುವುದು ಹೇಗೆ

ಡಿಗ್ರಿ ಮೊದಲ ವರ್ಷದ ಒಂದು ಟೆಸ್ಟ್‌ನಲ್ಲಿ ನಾನು ಬೇಡಿಕೆಯ ಸ್ಥಿತಿಸ್ಥಾಪಕತ್ವದ ಬಗ್ಗೆ, ಅಂದರೆ ಬೆಲೆ ಬದಲಾದರೆ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆ ಅನ್ನುವುದರ ಬಗ್ಗೆ, ಆರು ಪುಟ ಬರೆದಿದ್ದೆ. ವ್ಯಾಖ್ಯೆ, ಐದು ವಿಧ, ಐದು ಚಿತ್ರ, ಮಹತ್ವ, ಎಲ್ಲವೂ ಇತ್ತು. ಪೇಪರ್ ವಾಪಸ್ ಕೊಡುವಾಗ ಸರ್ ಕೇಳಿದರು: "ನಿಮ್ಮ ಹೊಲದಾಗ ಮೆಣಸಿನಕಾಯಿ ಬೆಳೀತೀರಲ್ಲ, ಹೋದ ವರ್ಷ ಪೀಕು ಚಲೋ ಬಂದಿತ್ತು ಅಂದಿ. ಮತ್ತ ರೊಕ್ಕ ಯಾಕ ಕಡಿಮಿ ಬಂತು?"

"ರೇಟ್ ಬಿತ್ತು ಸರ್."

"ಪೀಕು ಸ್ವಲ್ಪ ಹೆಚ್ಚಾದರ ರೇಟ್ ಅಷ್ಟ್ಯಾಕ ಬೀಳಬೇಕು?"

ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ನನ್ನ ಕೈಯಲ್ಲಿದ್ದ ಆರು ಪುಟದಲ್ಲೇ ಇತ್ತು. ಬರೆದವಳು ನಾನೇ, ಗೊತ್ತಿಲ್ಲದವಳೂ ನಾನೇ. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಅತ್ತಿದ್ದು ಇನ್ನೂ ನೆನಪಿದೆ.

ನಮ್ಮೂರು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲಿ ಎಚ್.ಇ.ಪಿ., ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿದೆ. ಆಮೇಲೆ ಧಾರವಾಡದಲ್ಲಿ ಎಂ.ಎ. ಮಾಡಿದೆ. ಈಗ ಹನ್ನೊಂದು ವರ್ಷದಿಂದ ನನ್ನಂಥ ಮಕ್ಕಳಿಗೇ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಪ್ರತಿ ವರ್ಷ ಅದೇ ಆರು ಪುಟ ನನ್ನ ಟೇಬಲ್ ಮೇಲೆ ಬಂದು ಬೀಳುತ್ತದೆ. ಈ ಬರಹ ಆ ಮಕ್ಕಳಿಗಾಗಿ.

ಕಾಂಬಿನೇಷನ್ ಬಗ್ಗೆ ಎರಡು ಮಾತು

ಕರ್ನಾಟಕದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ವ್ಯವಸ್ಥೆ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿದ್ದೇವೆ. ಹಾಗಾಗಿ ಅಣ್ಣನ, ಅಕ್ಕನ ಹಳೆಯ ಸಿಲಬಸ್ ನೋಡಿ ಪ್ಲಾನ್ ಮಾಡಬೇಡಿ. ನಿಮ್ಮ ವಿಶ್ವವಿದ್ಯಾಲಯದ ಈ ವರ್ಷದ ಸಿಲಬಸ್ ಇಳಿಸಿಕೊಂಡು, ಪ್ರಿಂಟ್ ತೆಗೆದು, ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿ.

ಇತಿಹಾಸ, ರಾಜ್ಯಶಾಸ್ತ್ರದ ಜೊತೆ ಅರ್ಥಶಾಸ್ತ್ರ ತಗೊಂಡರೆ ಮುಂದೆ ಸ್ಪರ್ಧಾತ್ಮಕ ಪರೀಕ್ಷೆಗೆ ಅನುಕೂಲ. ಅರ್ಥಶಾಸ್ತ್ರದಲ್ಲೇ ಮುಂದುವರಿಯುವ ಆಸೆ ಇದ್ದು, ಹತ್ತಿರದ ಕಾಲೇಜಿನಲ್ಲಿ ಗಣಿತವೋ ಸಂಖ್ಯಾಶಾಸ್ತ್ರವೋ ಜೊತೆಗೆ ಸಿಗುತ್ತದೆ ಅಂದರೆ ಅದನ್ನೇ ತಗೊಳ್ಳಿ. ಪಿ.ಯು.ಸಿ.ಯಲ್ಲಿ ಆರ್ಟ್ಸ್ ಓದಿದವರಿಗೆ ಆ ದಾರಿ ಎಲ್ಲ ಕಡೆ ಇರುವುದಿಲ್ಲ. ನನಗೂ ಇರಲಿಲ್ಲ. ಗಣಿತವನ್ನು ಆಮೇಲೆ ಹೇಗೆ ಕಲಿಯಬಹುದು ಅಂತ ಕೊನೆಗೆ ಹೇಳುತ್ತೇನೆ.

ಮೊದಲ ವಾರ: ಮೂರು ಕಾಲಂ ನೋಟ್‌ಬುಕ್

ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ ತಗೊಳ್ಳಿ. ಪ್ರತಿ ಪುಟಕ್ಕೂ ಸ್ಕೇಲ್ ಇಟ್ಟು ಎರಡು ಗೆರೆ ಎಳೆದು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ಕನ್ನಡ ಪದ. ಎರಡನೆಯದರಲ್ಲಿ ಇಂಗ್ಲಿಷ್ ಪದ, ಸ್ಪೆಲ್ಲಿಂಗ್ ಸಮೇತ. ಮೂರನೆಯದು ನಿಮ್ಮದೇ ಮನೆಯ, ನಿಮ್ಮದೇ ಊರಿನ ಉದಾಹರಣೆ. ಪುಸ್ತಕದ ಉದಾಹರಣೆಗೆ ಆ ಕಾಲಂನಲ್ಲಿ ಜಾಗ ಇಲ್ಲ.

ನನ್ನ ಹಳೆಯ ನೋಟ್‌ಬುಕ್ ಇನ್ನೂ ಇಟ್ಟುಕೊಂಡಿದ್ದೇನೆ. ಅದರ ಒಂದು ಪುಟ ಹೀಗಿದೆ. ಅವಕಾಶ ವೆಚ್ಚ, ಆಪರ್ಚುನಿಟಿ ಕಾಸ್ಟ್: ಮೆಣಸಿನಕಾಯಿ ಹಾಕಿದ ಹೊಲದಲ್ಲಿ ಗೋವಿನಜೋಳ ಹಾಕಿದ್ದರೆ ಬರುತ್ತಿದ್ದ ದುಡ್ಡು. ಮುಳುಗಿದ ವೆಚ್ಚ, ಸಂಕ್ ಕಾಸ್ಟ್: ನೀರು ಬೀಳದ ಬೋರ್‌ವೆಲ್‌ಗೆ ಸುರಿದ ದುಡ್ಡು. ಸೀಮಾಂತ ಉತ್ಪನ್ನ, ಮಾರ್ಜಿನಲ್ ಪ್ರಾಡಕ್ಟ್: ಇನ್ನೊಂದು ಆಳು ಹಚ್ಚಿದರೆ ಒಂದು ದಿನಕ್ಕೆ ಎಷ್ಟು ಹೆಚ್ಚಿಗೆ ಮೆಣಸಿನಕಾಯಿ ಬಿಡಿಸಬಹುದು.

'ಸೀಮಾಂತ' ಅನ್ನುವ ಪದದ ಹತ್ತಿರ ಸ್ವಲ್ಪ ನಿಲ್ಲಿ. ಕೇಳಿದ ಕೂಡಲೇ ಸೀಮೆ, ಗಡಿ ನೆನಪಾಗುತ್ತದೆ. ಅಲ್ಲಿಗೆ ಅರ್ಥ ಕೆಟ್ಟಿತು. ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ಎಲ್ಲಿ 'ಸೀಮಾಂತ' ಬರುತ್ತದೋ ಅಲ್ಲಿ ಮನಸ್ಸಿನಲ್ಲಿ 'ಇನ್ನೊಂದು' ಅಂತ ಓದಿಕೊಳ್ಳಿ. ಸೀಮಾಂತ ವೆಚ್ಚ ಅಂದರೆ ಇನ್ನೊಂದು ತಯಾರಿಸಲು ಹೆಚ್ಚಿಗೆ ತಗಲುವ ಖರ್ಚು. ಸೀಮಾಂತ ತುಷ್ಟಿಗುಣ ಅಂದರೆ ಇನ್ನೊಂದು ತಿಂದರೆ ಹೆಚ್ಚಿಗೆ ಸಿಗುವ ತೃಪ್ತಿ. ಈ ಒಂದು ಪದ ಹಿಡಿತಕ್ಕೆ ಬಂದರೆ ಸೂಕ್ಷ್ಮ ಅರ್ಥಶಾಸ್ತ್ರದ ಅರ್ಧ ಭಾರ ಇಳಿದ ಹಾಗೆ.

ಇಂಗ್ಲಿಷ್ ಪದ ಯಾಕೆ ಬೇಕು ಅಂತ ಕೇಳಬಹುದು. ಒಂದು ಕಾರಣ, ಕನ್ನಡದಲ್ಲಿ ಒಂದೇ ವಿಷಯಕ್ಕೆ ಎರಡು ಮೂರು ಪದ ಓಡಾಡುತ್ತವೆ. ಒಬ್ಬರು ಒಟ್ಟು ದೇಶೀಯ ಉತ್ಪನ್ನ ಅನ್ನುತ್ತಾರೆ, ಇನ್ನೊಬ್ಬರು ಒಟ್ಟು ಆಂತರಿಕ ಉತ್ಪನ್ನ ಅನ್ನುತ್ತಾರೆ. ಪಠ್ಯದಲ್ಲಿ ಕೋಶೀಯ ನೀತಿ ಅಂತಿದ್ದರೆ ಪೇಪರ್‌ನಲ್ಲಿ ವಿತ್ತೀಯ ಅಂತ ಬರುತ್ತದೆ. ಎರಡೂ ಒಂದೇ ಅಂತ ಗೊತ್ತಾಗಬೇಕಾದರೆ ಪಕ್ಕದಲ್ಲಿ ಜಿಡಿಪಿ, ಫಿಸ್ಕಲ್ ಅನ್ನುವ ಪದ ಇರಬೇಕು. ಇನ್ನೊಂದು ಕಾರಣ, ಎಂ.ಎ.ಗೆ ಬಂದಾಗ ಓದಬೇಕಾದ್ದು ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುತ್ತದೆ. ಧಾರವಾಡದ ಮೊದಲ ತಿಂಗಳು ನನ್ನನ್ನು ಕಾಪಾಡಿದ್ದು ಆ ಎರಡನೇ ಕಾಲಂ. ಹಾಗಂತ ಕನ್ನಡ ಬಿಟ್ಟು ಅರೆಬರೆ ಇಂಗ್ಲಿಷ್‌ನಲ್ಲಿ ಪರೀಕ್ಷೆ ಬರೆಯಬೇಡಿ. ಯೋಚನೆ ಮಾಡುವ ಭಾಷೆಯಲ್ಲೇ ಉತ್ತರ ಬರೆಯಿರಿ. ಕನ್ನಡದಲ್ಲಿ ಓದಿದ್ದು ಯಾವ ಲೆಕ್ಕದಲ್ಲೂ ಕಡಿಮೆಯಲ್ಲ.

'ಬೇಡಿಕೆ' ಅನ್ನುವ ಪದದ ಗೊಂದಲ

ಮೊದಲ ಸೆಮಿಸ್ಟರ್‌ನಲ್ಲಿ ಒಂದೇ ಒಂದು ವಿಷಯಕ್ಕೆ ಸಮಯ ಕೊಡಿ ಅಂದರೆ ನಾನು ಇದನ್ನೇ ತೋರಿಸುತ್ತೇನೆ. ಪ್ರತಿ ವರ್ಷ ತರಗತಿಯಲ್ಲಿ ಯಾರಾದರೂ ಒಬ್ಬರು ಎದ್ದು ಹೀಗೆ ಕೇಳುತ್ತಾರೆ: "ಮೇಡಂ, ಬೆಲೆ ಏರಿದರೆ ಬೇಡಿಕೆ ಕಡಿಮೆಯಾಗುತ್ತೆ ಅಂದ್ರಿ. ಬೇಡಿಕೆ ಕಡಿಮೆಯಾದರೆ ಬೆಲೆ ಇಳಿಯುತ್ತೆ ಅಂತಾನೂ ಅಂದ್ರಿ. ಹಾಗಾದರೆ ಬೆಲೆ ಏರಿದರೆ ಬೆಲೆ ಇಳಿಯುತ್ತಾ?"

ಬಹಳ ಒಳ್ಳೆಯ ಪ್ರಶ್ನೆ. ಕೇಳದೆ ಸುಮ್ನೆ ಬರೆದುಕೊಳ್ಳುವವರಿಗಿಂತ ಕೇಳಿದವರೇ ಬೇಗ ಕಲಿಯುತ್ತಾರೆ.

ಗೊಂದಲ ಇರುವುದು ಪದದಲ್ಲಿ. ಒಂದೇ 'ಬೇಡಿಕೆ'ಯನ್ನು ಎರಡು ಅರ್ಥದಲ್ಲಿ ಬಳಸುತ್ತೇವೆ. ಬೇಡಿಕೆಯ ಪ್ರಮಾಣ ಅಂದರೆ ಇವತ್ತಿನ ಈ ಬೆಲೆಗೆ ಎಷ್ಟು ಕೊಳ್ಳುತ್ತಾರೆ ಅನ್ನುವುದು. ಅದು ಗೆರೆಯ ಮೇಲಿನ ಒಂದು ಚುಕ್ಕೆ. ಬೇಡಿಕೆ ಅಂದರೆ ಯಾವ್ಯಾವ ಬೆಲೆಗೆ ಎಷ್ಟೆಷ್ಟು ಕೊಳ್ಳುತ್ತಾರೆ ಅನ್ನುವ ಇಡೀ ಪಟ್ಟಿ. ಅದು ಪೂರ್ತಿ ಗೆರೆ. ಬೆಲೆ ಬದಲಾದರೆ ಚುಕ್ಕೆ ಗೆರೆಯ ಮೇಲೇ ಜಾರುತ್ತದೆ, ಗೆರೆ ಅಲ್ಲಾಡುವುದಿಲ್ಲ. ಬೆಲೆ ಬಿಟ್ಟು ಬೇರೆ ಏನಾದರೂ ಬದಲಾದರೆ ಗೆರೆಯೇ ಎದ್ದು ಆಚೆ ಈಚೆ ಹೋಗುತ್ತದೆ.

ನಮ್ಮ ಕಡೆಯದೇ ಉದಾಹರಣೆ. ಬ್ಯಾಡಗಿ ಮೆಣಸಿನಕಾಯಿಗೆ ಕೆಂಪು ಬಣ್ಣ ಜಾಸ್ತಿ, ಖಾರ ಕಡಿಮೆ. ಅದಕ್ಕೇ ಅಡುಗೆಗಷ್ಟೇ ಅಲ್ಲ, ಬಣ್ಣದ ಎಣ್ಣೆ ತೆಗೆಯುವ ಓಲಿಯೊರೆಸಿನ್ ಕಾರ್ಖಾನೆಗಳಿಗೂ ಹೋಗುತ್ತದೆ. ರೇಟ್ ಇಳಿಯಿತು ಅಂತ ಹೆಂಗಸರು ವರ್ಷದ ಖಾರಪುಡಿಗೆ ಎರಡು ಕೆ.ಜಿ. ಬದಲು ಎರಡೂವರೆ ಕೆ.ಜಿ. ಕೊಂಡರೆ ಅದು ಚುಕ್ಕೆ ಜಾರಿದ್ದು. ಕಾರ್ಖಾನೆಗಳಿಗೆ ಹೊರದೇಶದಿಂದ ದೊಡ್ಡ ಆರ್ಡರ್ ಬಂದು, ನಿನ್ನೆಯ ರೇಟಿಗೇ ಇವತ್ತು ಎರಡರಷ್ಟು ಚೀಲ ಬೇಕು ಅಂದರೆ ಅದು ಗೆರೆ ಸರಿದದ್ದು.

ಈಗ ಆ ಪ್ರಶ್ನೆಗೆ ಉತ್ತರ ತಾನಾಗಿ ಬರುತ್ತದೆ. ಬೆಲೆ ಏರಿದಾಗ ಕಡಿಮೆಯಾಗಿದ್ದು ಪ್ರಮಾಣ. ಬೆಲೆಯನ್ನು ಇಳಿಸುವುದು ಗೆರೆಯ ಸರಿತ. ಎರಡೂ ಬೇರೆ.

ಇದನ್ನು ಕೈಯಿಂದಲೇ ಕಲಿಯಬೇಕು. ಒಂದು ಬಿಳಿ ಹಾಳೆ ತಗೊಳ್ಳಿ. ಮೊದಲು ಎರಡು ಅಕ್ಷ ಎಳೆದು ಹೆಸರು ಬರೆಯಿರಿ: ಲಂಬವಾಗಿ ಬೆಲೆ, ಅಡ್ಡಕ್ಕೆ ಪ್ರಮಾಣ. ಹೆಸರಿಲ್ಲದ ಅಕ್ಷಕ್ಕೆ ನಾನು ಅಂಕ ಕೊಡುವುದಿಲ್ಲ. ಗಣಿತ ಓದಿದವರಿಗೆ ಇದು ಉಲ್ಟಾ ಅನ್ನಿಸುತ್ತದೆ, ಯಾಕಂದರೆ ಅಲ್ಲಿ ಕಾರಣವನ್ನು ಅಡ್ಡ ಅಕ್ಷದ ಮೇಲೆ ಇಡುತ್ತಾರೆ. ನಮ್ಮದು ಆಲ್ಫ್ರೆಡ್ ಮಾರ್ಷಲ್ ಕಾಲದಿಂದ ಬಂದ ರೂಢಿ. ಹಾಗೇ ಒಪ್ಪಿಕೊಂಡು ಮುಂದೆ ಹೋಗಿ. ಆಮೇಲೆ ಇಳಿಯುವ ಬೇಡಿಕೆಯ ಗೆರೆ, ಏರುವ ಪೂರೈಕೆಯ ಗೆರೆ, ಅವು ಕೂಡುವ ಜಾಗ. ಅಲ್ಲಿಂದ ಎರಡೂ ಅಕ್ಷಕ್ಕೆ ಚುಕ್ಕೆ ಗೆರೆ.

ಈಗ ಒಂದು ಸುದ್ದಿ ಹೇಳಿಕೊಳ್ಳಿ. "ಅಕಾಲಿಕ ಮಳೆಗೆ ಮೆಣಸಿನಕಾಯಿ ಕೊಳೆಯಿತು." ಪೆನ್ ಎತ್ತುವ ಮುಂಚೆ ಜೋರಾಗಿ ಕೇಳಿಕೊಳ್ಳಿ: ಇದು ಕೊಳ್ಳುವವರಿಗೆ ಆದದ್ದೋ, ಮಾರುವವರಿಗೆ ಆದದ್ದೋ? ಮಾರುವವರಿಗೆ. ಹಾಗಾದರೆ ಪೂರೈಕೆಯ ಗೆರೆ. ಯಾವ ಕಡೆ? ಎಡಕ್ಕೆ. ಬೆಲೆ? ಮೇಲೆ. ಪ್ರಮಾಣ? ಕಡಿಮೆ. ನಿಲ್ಲಿಸಿ. ಅಲ್ಲಿಂದ ಮುಂದೆ "ಬೆಲೆ ಏರಿತಲ್ಲ, ಹಾಗಾಗಿ ಬೇಡಿಕೆಯ ಗೆರೆಯೂ..." ಅಂತ ಕೈ ಹೋಗುತ್ತದೆ. ಅದನ್ನು ತಡೆಯುವುದೇ ಅಭ್ಯಾಸ. ಒಂದು ಸುದ್ದಿಗೆ ಒಂದು ಗೆರೆ. ದಿನಕ್ಕೆ ಎರಡು ಸುದ್ದಿಯಂತೆ ಒಂದು ತಿಂಗಳು ಮಾಡಿ. ಪುಸ್ತಕ ಮುಚ್ಚಿಟ್ಟು ಮಾಡಿ. ನೋಡಿಕೊಂಡು ಬರೆದ ಚಿತ್ರ ಪರೀಕ್ಷೆ ಹಾಲ್‌ನಲ್ಲಿ ಕೈಕೊಡುತ್ತದೆ.

ಓದಿದ್ದನ್ನು ಮನೆಯಲ್ಲಿ ಹೇಳಿ

ಟೆಸ್ಟ್ ಆದ ಆ ವಾರ ನಾನು ಅಪ್ಪನ ಹತ್ತಿರ ಕೂತು ಲೆಕ್ಕ ಹಾಕಿದೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಇಲ್ಲಿ ದುಂಡಗೆ ಮಾಡಿದ್ದೇನೆ. ಒಂದು ವರ್ಷ 10 ಕ್ವಿಂಟಲ್, ಕ್ವಿಂಟಲ್‌ಗೆ 20,000 ರೂಪಾಯಿ. ಕೈಗೆ ಬಂದದ್ದು 2,00,000. ಮರುವರ್ಷ ಮಳೆ ಚೆನ್ನಾಗಿ ಆಯಿತು. ನಮಗೊಬ್ಬರಿಗೇ ಅಲ್ಲ, ಎಲ್ಲರಿಗೂ. ನಮ್ಮದು 12 ಕ್ವಿಂಟಲ್ ಬಂತು. ರೇಟ್ 12,000ಕ್ಕೆ ಬಿತ್ತು. ಕೈಗೆ ಬಂದದ್ದು 1,44,000. ಪೀಕು ಹೆಚ್ಚಾಯಿತು, ದುಡ್ಡು 56,000 ಕಡಿಮೆಯಾಯಿತು.

ಮಾರುಕಟ್ಟೆಗೆ ಬಂದ ಮಾಲು ಶೇ. 20 ಹೆಚ್ಚಾಗಿದೆ. ಅಷ್ಟೂ ಮಾಲು ಖರ್ಚಾಗಬೇಕಾದರೆ ಬೆಲೆ ಶೇ. 40 ಇಳಿಯಬೇಕಾಯಿತು. 20ನ್ನು 40ರಿಂದ ಭಾಗಿಸಿ: 0.5. ಇದೇ ಸ್ಥಿತಿಸ್ಥಾಪಕತ್ವ. ಒಂದಕ್ಕಿಂತ ಕಡಿಮೆ. ಬೇಡಿಕೆ ಬಿಗಿಯಾಗಿದೆ. ಮೊದಲ ವರ್ಷದ ಅಂಕಿಯ ಬದಲು ಎರಡೂ ವರ್ಷದ ಸರಾಸರಿಯ ಮೇಲೆ ಶೇಕಡಾ ಲೆಕ್ಕ ಹಾಕುವ ಮಧ್ಯಬಿಂದು ವಿಧಾನದಲ್ಲಿ ಸುಮಾರು 0.36 ಬರುತ್ತದೆ, ಅದನ್ನೂ ಹಾಕಿ ನೋಡಿ. ಯಾಕೆ ಬಿಗಿ? ರೇಟ್ ಇಳಿಯಿತು ಅಂತ ಯಾರೂ ಸಾರಿಗೆ ಎರಡು ಪಾಲು ಖಾರ ಹಾಕುವುದಿಲ್ಲ. ಅಷ್ಟೇ ವಿಷಯ. ನನ್ನ ಆರು ಪುಟದ ತಿರುಳು ಇದೇ.

ಅಪ್ಪ ಓದಿದ್ದು ನಾಲ್ಕನೇ ಇಯತ್ತೆ. ಪೂರ್ತಿ ಕೇಳಿಸಿಕೊಂಡು ಹೇಳಿದರು: "ಅಂದ್ರ ಎಲ್ಲಾರೂ ಕಡಿಮಿ ಬೆಳದ್ರ ಎಲ್ಲಾರಿಗೂ ಚಲೋ. ನಾ ಒಬ್ಬನ ಕಡಿಮಿ ಬೆಳದ್ರ ನನಗಷ್ಟ ಲುಕ್ಸಾನ. ಹೌದಿಲ್ಲೋ?"

ಪರಿಪೂರ್ಣ ಪೈಪೋಟಿಯಲ್ಲಿ ಒಬ್ಬ ಉತ್ಪಾದಕ ಬೆಲೆಯನ್ನು ಒಪ್ಪಿಕೊಳ್ಳುವವನೇ ಹೊರತು ನಿರ್ಧರಿಸುವವನಲ್ಲ ಅನ್ನುವ ಪಾಠ ನಮಗೆ ಬಂದದ್ದು ಅದಾಗಿ ಎರಡು ತಿಂಗಳಿಗೆ. ಅಪ್ಪ ಮುಂಚೆಯೇ ಹೇಳಿ ಮುಗಿಸಿದ್ದರು. ಅವತ್ತಿನಿಂದ ಪ್ರತಿ ಅಧ್ಯಾಯ ಓದಿದ ಮೇಲೆ ಮನೆಯಲ್ಲಿ ಯಾರಿಗಾದರೂ ಅದನ್ನು ಹೇಳುವುದು ನನ್ನ ಪದ್ಧತಿಯಾಯಿತು. ಪುಸ್ತಕದ ಪದ ಬಳಸದೆ ಹೇಳಬೇಕು. ಅವರಿಗೆ ಅರ್ಥವಾಗದಿದ್ದರೆ ನನಗೆ ಅರ್ಥವಾಗಿಲ್ಲ ಅಂತ ಲೆಕ್ಕ.

ನಿಮ್ಮೂರಿನ ಮಾರುಕಟ್ಟೆಗೂ ಹೋಗಿ. ಸೋಮವಾರ ಇಲ್ಲವೇ ಗುರುವಾರ ಬ್ಯಾಡಗಿ ಮಾರುಕಟ್ಟೆಗೆ ಬಂದರೆ ಅರ್ಧ ಸೆಮಿಸ್ಟರ್ ಪಾಠ ಕಣ್ಣೆದುರಿಗೇ ಇದೆ. ಪ್ರತಿ ರಾಶಿಗೂ ಒಂದು ಲಾಟ್ ನಂಬರ್. ವ್ಯಾಪಾರಿಗಳು ಮಾಲು ಕೈಯಲ್ಲಿ ಹಿಡಿದು, ಮುರಿದು ನೋಡಿ, ತಮ್ಮ ರೇಟನ್ನು ಟೆಂಡರ್‌ಗೆ ಹಾಕುತ್ತಾರೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಹೆಚ್ಚು ಹಾಕಿದವರಿಗೆ ಮಾಲು. ರೈತನಿಗೆ ರೇಟ್ ಒಪ್ಪಿಗೆಯಾಗದಿದ್ದರೆ ಕೊಡದೆ ಕೋಲ್ಡ್ ಸ್ಟೋರೇಜ್‌ಗೆ ಹಾಕಬಹುದು. ಅಲ್ಲಿಗೆ ಬಾಡಿಗೆ, ಬಡ್ಡಿ, ಮುಂದಿನ ರೇಟಿನ ಅಂದಾಜು, ಮೂರೂ ಲೆಕ್ಕಕ್ಕೆ ಬರುತ್ತವೆ. ನಿಮ್ಮೂರು ರಾಮನಗರವಾದರೆ ರೇಷ್ಮೆ ಗೂಡು, ಕೋಲಾರವಾದರೆ ಟೊಮೆಟೊ, ಶಿರಸಿಯಾದರೆ ಅಡಿಕೆ. ಒಂದು ಬೆಳಿಗ್ಗೆ ನಿಂತು ನೋಡಿ, ಎರಡು ಪುಟ ಬರೆದಿಡಿ. ಮೂರನೇ ವರ್ಷ ಪ್ರಾಜೆಕ್ಟ್ ಮಾಡುವಾಗ ವಿಷಯಕ್ಕೆ ಹುಡುಕಾಡುವ ಕಷ್ಟ ಇರುವುದಿಲ್ಲ.

ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ

ಆರ್ಟ್ಸ್ ಮಕ್ಕಳು ಅತಿ ಹೆಚ್ಚು ಹೆದರುವುದು ಇಲ್ಲೇ. ಅವರಿಗೆ ನಾನು ಹೇಳುವುದು: ಇಲ್ಲಿ ಬೇಕಾದದ್ದು ಕೂಡಿಸು, ಕಳೆ, ಗುಣಿಸು, ಭಾಗಿಸು. ಕಷ್ಟ ಇರುವುದು ಯಾವ ಲೆಕ್ಕ ಯಾಕೆ ಹಾಕುತ್ತೇವೆ ಅನ್ನುವುದರಲ್ಲಿ. ಒಂದು ಉದಾಹರಣೆ ಪೂರ್ತಿ ಮಾಡೋಣ. ಸೂಚ್ಯಂಕ.

ನಮ್ಮ ಮನೆಗೆ ತಿಂಗಳಿಗೆ 20 ಕೆ.ಜಿ. ಜೋಳ, 4 ಕೆ.ಜಿ. ತೊಗರಿಬೇಳೆ, 5 ಲೀಟರ್ ಎಣ್ಣೆ ಬೇಕು ಅಂದುಕೊಳ್ಳಿ. ಮೊದಲ ವರ್ಷ ಜೋಳ 30 ರೂಪಾಯಿ, ಬೇಳೆ 100, ಎಣ್ಣೆ 120. ಖರ್ಚು 600, 400, 600. ಒಟ್ಟು 1,600. ಈಗ ಜೋಳ 36, ಬೇಳೆ 150, ಎಣ್ಣೆ 132. ಅಷ್ಟೇ ಸಾಮಾನಿಗೆ ಖರ್ಚು 720, 600, 660. ಒಟ್ಟು 1,980. 1,980ನ್ನು 1,600ರಿಂದ ಭಾಗಿಸಿ 100ರಿಂದ ಗುಣಿಸಿದರೆ 123.75. ನಮ್ಮ ಮನೆಯ ಖರ್ಚು ಶೇ. 23.75 ಏರಿದೆ. ಹಳೆಯ ಪ್ರಮಾಣವನ್ನೇ ಇಟ್ಟುಕೊಂಡು ಹಾಕುವ ಈ ಲೆಕ್ಕಕ್ಕೆ ಲ್ಯಾಸ್ಪಿಯರ್ ವಿಧಾನ ಅಂತ ಹೆಸರು.

ಈಗ ತಪ್ಪು ದಾರಿಯಲ್ಲೂ ಹೋಗಿ ನೋಡಿ. ಜೋಳ ಶೇ. 20, ಬೇಳೆ ಶೇ. 50, ಎಣ್ಣೆ ಶೇ. 10 ಏರಿದೆ. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಸುಮಾರು 26.67. ಯಾಕೆ ಜಾಸ್ತಿ ಬಂತು? ಬೇಳೆ ಬಹಳ ಏರಿದೆ ನಿಜ, ಆದರೆ ನಮ್ಮ ಖರ್ಚಿನಲ್ಲಿ ಅದರದ್ದು ಕಾಲು ಭಾಗ. ಸರಳ ಸರಾಸರಿ ಅದಕ್ಕೆ ಮೂರನೇ ಒಂದು ಪಾಲು ಕೊಟ್ಟುಬಿಟ್ಟಿತು. 'ತೂಕ' ಅನ್ನುವುದರ ಅರ್ಥ ಇಷ್ಟೇ. ಇದನ್ನು ನಿಮ್ಮ ಮನೆಯ ಕಿರಾಣಿ ಚೀಟಿ ಹಿಡಿದು ಮಾಡಿ. ಅಂಗಡಿಯವರ ಹಳೆಯ ಚೀಟಿ ಅವ್ವನ ಡಬ್ಬಿಯಲ್ಲಿ ಸಿಕ್ಕೇ ಸಿಗುತ್ತದೆ. ಆಮೇಲೆ ಸರ್ಕಾರ ಹೇಳುವ ಹಣದುಬ್ಬರಕ್ಕೂ ನಮ್ಮ ಮನೆಯ ಅನುಭವಕ್ಕೂ ಯಾಕೆ ಅಂತರ ಅಂತ ನೀವೇ ವಿವರಿಸುತ್ತೀರಿ.

ಅಡಿಪಾಯ ಗಟ್ಟಿ ಇಲ್ಲ ಅನ್ನಿಸಿದರೆ ನಾಚಿಕೆ ಪಡದೆ 11ನೇ ತರಗತಿಯ ಎನ್.ಸಿ.ಇ.ಆರ್.ಟಿ. ಸಂಖ್ಯಾಶಾಸ್ತ್ರ ಪುಸ್ತಕ ಇಳಿಸಿಕೊಳ್ಳಿ. ಉಚಿತ. ಕನ್ನಡದಲ್ಲಿ ಬೇಕು ಅಂದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಅಧ್ಯಯನ ಸಾಮಗ್ರಿ ಇದೆ. ಅದು ಮನೆಯಲ್ಲಿ ಒಬ್ಬರೇ ಕೂತು ಓದುವವರಿಗಾಗಿ ಬರೆದದ್ದು. ಮೇಷ್ಟ್ರು ಕೈಗೆ ಸಿಗದ ದಿನಗಳಲ್ಲಿ ಬಹಳ ಉಪಯೋಗ.

ಸಮಗ್ರ ಅರ್ಥಶಾಸ್ತ್ರ: ದುಡ್ಡಿನ ಬೆನ್ನು ಹತ್ತಿ

ಇಲ್ಲಿ ಮಕ್ಕಳು ಸೂತ್ರ ಉರು ಹೊಡೆಯುತ್ತಾರೆ. ಗುಣಕ ಅಂದರೆ ಒಂದನ್ನು, ಒಂದರಿಂದ ಸೀಮಾಂತ ಅನುಭೋಗ ಪ್ರವೃತ್ತಿ (ಇನ್ನೊಂದು ರೂಪಾಯಿ ಬಂದರೆ ಅದರಲ್ಲಿ ಖರ್ಚು ಮಾಡುವ ಪಾಲು) ಕಳೆದದ್ದರಿಂದ ಭಾಗಿಸಿದ್ದು. ಸರಿ, ಆದರೆ ಯಾಕೆ? ದುಡ್ಡಿನ ಹಿಂದೆ ನಡೆದು ನೋಡಿ.

ಗೃಹಲಕ್ಷ್ಮಿಯ 2,000 ರೂಪಾಯಿ ಅವ್ವನ ಖಾತೆಗೆ ಬಂತು. ಸಿಕ್ಕಿದ ಪ್ರತಿ 100ರಲ್ಲಿ ಎಲ್ಲರೂ 80 ಖರ್ಚು ಮಾಡುತ್ತಾರೆ ಅಂತ ಇಟ್ಟುಕೊಳ್ಳಿ. ಅವ್ವ 1,600 ಖರ್ಚು ಮಾಡಿದರು. ಅದು ಕಿರಾಣಿ ಅಂಗಡಿಯವರ ವರಮಾನ. ಅವರು ಅದರಲ್ಲಿ 1,280 ಖರ್ಚು ಮಾಡುತ್ತಾರೆ. ಅದು ಟೇಲರ್‌ನ ವರಮಾನ. ಹೀಗೇ 1,024, 819 ಅಂತ ಇಳಿಯುತ್ತಾ ಹೋಗುತ್ತದೆ. ಎಲ್ಲ ಕೂಡಿಸಿದರೆ 8,000. ಸರ್ಕಾರ ಅದೇ 2,000 ಕೊಟ್ಟು ಊರಿನಲ್ಲಿ ಗಟಾರ ಕಟ್ಟಿಸಿದ್ದರೆ 10,000 ಆಗುತ್ತಿತ್ತು, ಯಾಕಂದರೆ ಕೆಲಸಕ್ಕೆ ಕೊಟ್ಟ 2,000 ಮೊದಲ ಸುತ್ತಿನಲ್ಲೇ ಪೂರ್ತಿ ವರಮಾನ. ನೇರ ನೆರವಿನಲ್ಲಿ ಮೊದಲ ಸುತ್ತಿನಲ್ಲೇ 400 ಉಳಿತಾಯಕ್ಕೆ ಹೋಯಿತು. ನಿಜ ಜೀವನದಲ್ಲಿ ಎರಡೂ ಇಷ್ಟು ದೊಡ್ಡದಾಗುವುದಿಲ್ಲ. ತೆರಿಗೆ ಇದೆ, ಹೊರಗಿನ ಮಾಲು ಇದೆ. ಅಂಗಡಿಯವರು ಮೊಬೈಲ್ ಕೊಂಡರೆ ದುಡ್ಡು ಊರು ಬಿಟ್ಟಿತು. ಈ ಸೋರಿಕೆಗಳನ್ನು ಬರೆದವರ ಉತ್ತರ ನೂರರಲ್ಲಿ ಬೇರೆಯಾಗಿ ಕಾಣುತ್ತದೆ.

ರಿಸರ್ವ್ ಬ್ಯಾಂಕಿನ ವಿಷಯಕ್ಕೆ ಒಂದು ಅಭ್ಯಾಸ ಸಾಕು. 2016ರಿಂದ ರೆಪೊ ದರವನ್ನು, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರವನ್ನು, ಆರು ಜನರ ಹಣಕಾಸು ನೀತಿ ಸಮಿತಿ ತೀರ್ಮಾನಿಸುತ್ತದೆ. ಮೂವರು ರಿಸರ್ವ್ ಬ್ಯಾಂಕಿನವರು, ಮೂವರನ್ನು ಕೇಂದ್ರ ಸರ್ಕಾರ ನೇಮಿಸುತ್ತದೆ. ಹಣದುಬ್ಬರದ ಗುರಿ ಶೇ. 4, ಎರಡು ಆಚೆ ಈಚೆ. ಸುಮಾರು ಎರಡು ತಿಂಗಳಿಗೊಮ್ಮೆ ಸೇರುತ್ತಾರೆ. ಪ್ರತಿ ಸಲ ಪೇಪರ್ ತುಣುಕು ಕತ್ತರಿಸಿ ಅಂಟಿಸಿ, ಕೆಳಗೆ ಮೂರು ವಾಕ್ಯ ಬರೆಯಿರಿ: ಏನು ಮಾಡಿದರು, ಯಾಕೆ, ನಮ್ಮೂರಿನ ಟ್ರ್ಯಾಕ್ಟರ್ ಸಾಲದವರಿಗೆ ಏನಾಗುತ್ತದೆ. ಒಂದು ವರ್ಷಕ್ಕೆ ಆರು ತುಣುಕು. ಹಣ ಮತ್ತು ಬ್ಯಾಂಕಿಂಗ್ ಪೇಪರ್‌ನ ದೊಡ್ಡ ಪ್ರಶ್ನೆ ಅಲ್ಲಿಗೆ ತಯಾರು.

ಭಾರತದ, ಕರ್ನಾಟಕದ ಅರ್ಥವ್ಯವಸ್ಥೆ

ಇದನ್ನು ಸುಲಭದ ಪೇಪರ್ ಅಂತ ಕೊನೆಗೆ ಬಿಡುತ್ತಾರೆ. ಇಸವಿಗಳನ್ನು ಸಾಲಾಗಿ ಉರು ಹೊಡೆಯುತ್ತಾರೆ. 1951, 1969, 1991, 2017. ಎರಡು ದಿನದಲ್ಲಿ ಮರೆತು ಹೋಗುತ್ತದೆ. ಪ್ರತಿ ಇಸವಿಗೂ ಮೂರು ಪ್ರಶ್ನೆ ಕೇಳಿ: ಆಗ ಏನು ತೊಂದರೆ ಇತ್ತು, ಏನು ಮಾಡಿದರು, ಯಾರಿಗೆ ಏನಾಯಿತು. 1969ರ ಜುಲೈನಲ್ಲಿ 14 ಬ್ಯಾಂಕ್‌ಗಳನ್ನು ರಾಷ್ಟ್ರೀಕರಣ ಮಾಡಿದರು ಅಂತ ಒಂದು ಸಾಲು ಓದುವುದಕ್ಕಿಂತ, ಅದರಲ್ಲಿ ಕೆನರಾ ಮತ್ತು ಸಿಂಡಿಕೇಟ್ ಎರಡೂ ನಮ್ಮ ಕರಾವಳಿಯಲ್ಲಿ ಹುಟ್ಟಿದವು, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾದಲ್ಲೇ ವಿಲೀನವಾಯಿತು ಅಂತ ಜೋಡಿಸಿಕೊಂಡರೆ ಮರೆಯುವುದಿಲ್ಲ. ಸಹಕಾರದ ಅಧ್ಯಾಯಕ್ಕೆ ಬಂದಾಗ ಗದಗ ಹತ್ತಿರದ ಕಣಗಿನಹಾಳ ನೆನಪಿಟ್ಟುಕೊಳ್ಳಿ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಸಿದ್ದನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಶುರು ಮಾಡಿದರು.

ಕರ್ನಾಟಕದ ಪೇಪರ್‌ಗೆ ನಂಜುಂಡಪ್ಪ ಸಮಿತಿಯ ವರದಿ ಬಿಟ್ಟು ಮುಂದೆ ಹೋಗಬೇಡಿ. ಡಾ. ಡಿ.ಎಂ. ನಂಜುಂಡಪ್ಪ ಅರ್ಥಶಾಸ್ತ್ರಜ್ಞರು. 2002ರಲ್ಲಿ ವರದಿ ಕೊಟ್ಟರು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂದರು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. 35 ಸೂಚಕಗಳನ್ನು ಸೇರಿಸಿ ಒಂದು ಸೂಚ್ಯಂಕ ಮಾಡಿ ಅಳೆದಿದ್ದರು. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಕಲಿತ ಸೂಚ್ಯಂಕ ಇಲ್ಲಿ ಕೆಲಸಕ್ಕೆ ಬಂತು, ಅಲ್ವಾ? ನಾನು ಮಕ್ಕಳಿಗೆ ಕೊಡುವ ಮೊದಲ ಕೆಲಸ, ಪಟ್ಟಿಯಲ್ಲಿ ನಿಮ್ಮ ತಾಲ್ಲೂಕು ಎಲ್ಲಿದೆ ಹುಡುಕಿ. ಹುಡುಕುವಾಗ ತರಗತಿ ಪೂರ್ತಿ ಮೌನವಾಗುತ್ತದೆ. ತಮ್ಮೂರು ಕಂಡಾಗ ಒಬ್ಬೊಬ್ಬರೇ ಮಾತಾಡಲು ಶುರು ಮಾಡುತ್ತಾರೆ, ಬಸ್ಸು, ಆಸ್ಪತ್ರೆ, ಶಾಲೆ.

ರಾಜ್ಯದ ಆರ್ಥಿಕ ಸಮೀಕ್ಷೆ ಪ್ರತಿ ವರ್ಷ ಕನ್ನಡದಲ್ಲೂ ಬರುತ್ತದೆ. ಮುಖ್ಯಮಂತ್ರಿಗಳ ಬಜೆಟ್ ಭಾಷಣವೂ ಕನ್ನಡದಲ್ಲಿ ಸಿಗುತ್ತದೆ. ಎರಡನ್ನೂ ಇಳಿಸಿಕೊಳ್ಳಿ. ಪೂರ್ತಿ ಓದಬೇಕಾಗಿಲ್ಲ. ಕೃಷಿ ಅಧ್ಯಾಯ, ಜಿಲ್ಲಾವಾರು ತಲಾ ವರಮಾನದ ಕೋಷ್ಟಕ, ಬಜೆಟ್‌ನ ಕೊರತೆಯ ಪುಟ ಸಾಕು. ಕೊರತೆಗಳನ್ನು ಒಂದು ಸಲ ಸಣ್ಣ ಅಂಕಿಯಲ್ಲಿ ಮಾಡಿಕೊಳ್ಳಿ: ಖರ್ಚು 100, ಸಾಲ ಬಿಟ್ಟು ಬಂದ ಹಣ 80, ವಿತ್ತೀಯ ಕೊರತೆ 20. ಹಳೆಯ ಸಾಲದ ಬಡ್ಡಿ 12 ಕಳೆದರೆ ಪ್ರಾಥಮಿಕ ಕೊರತೆ 8.

ಪರೀಕ್ಷೆಯ ಬಗ್ಗೆ

ಗೈಡ್ ಓದಿ ಪಾಸಾಗಬಹುದು. ಆದರೆ ಒಂದೇ ಗೈಡ್‌ನ ವಾಕ್ಯಗಳನ್ನೇ ಮೂವತ್ತು ಪೇಪರ್‌ನಲ್ಲಿ ಓದಿ ಬೇಸತ್ತ ಮೇಷ್ಟ್ರಿಗೆ, ಮೂವತ್ತೊಂದನೆಯದರಲ್ಲಿ ನಿಮ್ಮದೇ ಊರಿನ ಉದಾಹರಣೆ, ಸರಿಯಾಗಿ ಹೆಸರು ಬರೆದ ಚಿತ್ರ ಕಂಡರೆ ಎಷ್ಟು ಖುಷಿಯಾಗುತ್ತದೆ ಗೊತ್ತಾ? ದೊಡ್ಡ ಉತ್ತರಕ್ಕೆ ಮೊದಲು ಎರಡು ವಾಕ್ಯದಲ್ಲಿ ನೇರ ಉತ್ತರ ಕೊಡಿ. ಆಮೇಲೆ ಚಿತ್ರ ಇಲ್ಲವೇ ಲೆಕ್ಕ. ಚಿತ್ರವನ್ನು ವಾಕ್ಯದಲ್ಲಿ ವಿವರಿಸಿ, ಸುಮ್ನೆ ಬರೆದು ಬಿಡಬೇಡಿ. ನಿಮ್ಮ ಉದಾಹರಣೆ. ಕೊನೆಗೆ ಆ ಸಿದ್ಧಾಂತ ಎಲ್ಲಿ ಸೋಲುತ್ತದೆ ಅನ್ನುವುದು. ಹಿಂದಿನ ಮೂರು ವರ್ಷದ ಪ್ರಶ್ನೆಪತ್ರಿಕೆ ಲೈಬ್ರರಿಯಲ್ಲಿ ಸಿಗುತ್ತವೆ. ಗಡಿಯಾರ ಇಟ್ಟುಕೊಂಡು ಕಡೇಪಕ್ಷ ಎರಡನ್ನಾದರೂ ಪೂರ್ತಿ ಬರೆಯಿರಿ.

ಡಿಗ್ರಿ ಆದ ಮೇಲೆ ಎಂ.ಎ. ಮಾಡುವ ಮನಸ್ಸಿದ್ದರೆ ಈಗ ಗಣಿತದ ಮಾತು. ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕೇ ಬೇಕು. ಡಿಗ್ರಿ ಕಾಲೇಜಿನಲ್ಲಿ ಉಪನ್ಯಾಸಕರಾಗಲು ಎಂ.ಎ. ಜೊತೆ ಸಾಮಾನ್ಯವಾಗಿ ನೆಟ್ ಇಲ್ಲವೇ ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಸೇರಲು ಸಿ.ಯು.ಇ.ಟಿ. ಪ್ರವೇಶ ಪರೀಕ್ಷೆ ಬರೆಯಬೇಕು. ಎಲ್ಲ ಕಡೆಯೂ ಅವಕಲನ, ಅಂದರೆ ಡಿಫರೆನ್ಸಿಯೇಷನ್ ಎದುರಾಗುತ್ತದೆ. ನಾನು ಎರಡನೇ ವರ್ಷದ ಬೇಸಿಗೆ ರಜೆಯಲ್ಲಿ ಶುರು ಮಾಡಿದೆ. ನಮ್ಮೂರ ಹೈಸ್ಕೂಲಿನ ಗಣಿತದ ಮೇಷ್ಟ್ರ ಮನೆಗೆ ದಿನಾ ಬೆಳಿಗ್ಗೆ ಒಂದು ಗಂಟೆ ಹೋಗುತ್ತಿದ್ದೆ. ಮೊದಲ ಹತ್ತು ದಿನ ಬರೀ ಬೀಜಗಣಿತ, ಸರಳ ರೇಖೆಯ ಸಮೀಕರಣ, ಇಳಿಜಾರು. ಹನ್ನೊಂದನೇ ದಿನ ಅವರು ವಕ್ರರೇಖೆಯ ಒಂದು ಬಿಂದುವಿಗೆ ಸ್ಕೇಲ್ ತಾಗಿಸಿ, "ಇಲ್ಲಿ ಇಳಿಜಾರು ಎಷ್ಟು? ಅಡ್ಡಕ್ಕ ಇನ್ನೊಂದು ಚೂರು ಸರದ್ರ ಮ್ಯಾಲೆ ಎಷ್ಟು ಏರತೈತಿ?" ಅಂದರು.

ನಾನು ಚೀಲದಿಂದ ಮೂರು ಕಾಲಂ ನೋಟ್‌ಬುಕ್ ತೆಗೆದು, 'ಸೀಮಾಂತ' ಇದ್ದ ಪುಟ ಹುಡುಕಿ, 'ಇನ್ನೊಂದು' ಅನ್ನುವುದರ ಪಕ್ಕ 'ಇನ್ನೊಂದು ಚೂರು' ಅಂತ ಬರೆದುಕೊಂಡೆ.